ಎಡಗೈಯ ಮತ

ನಾದಕ್ಕೆ ಮೊದಲೂ ಮೌನಕ್ಕೆ ಕೊನೆಯೂ ಆಗಿ, ಅವೆರಡರ ನಡುವೆ ಮನುಷ್ಯರ ಕೊರಳನ್ನು ಕೊಳಲಾಗಿಸಿ ಊದುತ್ತಿರುವ ಪರಮಾತ್ಮನೇ, ನಿನಗೆ ವಂದನೆ. ಕೋಗಿಲೆಯ ದನಿಯನ್ನೂ ಕಾಗೆಯ ಕೂಗನ್ನೂ ಒಂದೇ ಸಮನೆ ಆಲಿಸುವ ನಿನ್ನ ಪಕ್ಷಪಾತವಿಲ್ಲದ ಕಿವಿಗೆ ವಂದನೆ. ಈ ಕಥೆಯಲ್ಲಿ ಕೋಪವೇ ಹೆಚ್ಚು. ಬೆಂಕಿಯನ್ನು ದೀಪದಲ್ಲೂ ಒಲೆಯಲ್ಲೂ ಇಟ್ಟವನು ನೀನೇ ಆದ್ದರಿಂದ, ಇದನ್ನು ನಿನ್ನ ಮುಂದಿಟ್ಟೇ ಆರಂಭಿಸುತ್ತೇನೆ. ಹೇಳುವ ನಾಲಗೆ ತೊದಲದಿರಲಿ, ಕೇಳುವ ಮನಸ್ಸು ಕದಡದಿರಲಿ.

ಇಕ್ಕಟ್ಟಾದ ಬೀದಿಯೊಂದರಲ್ಲಿ ಒಂದು ದರ್ಜಿ ಅಂಗಡಿಯಿತ್ತು. ಅದರ ಮಾಳಿಗೆಯ ಕೋಣೆಯಲ್ಲಿ ವರ್ಷವೆಲ್ಲ ಹೊಲಿಗೆ ಯಂತ್ರಗಳು ಗಡಗಡಿಸುತ್ತಿದ್ದವು. ವರ್ಷಕ್ಕೊಂದು ಭಾನುವಾರದ ಮಧ್ಯಾಹ್ನ ಮಾತ್ರ ಅವುಗಳನ್ನು ಗೋಡೆಗೆ ಸರಿಸಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜನ್ನು ನಡುವೆ ಎಳೆದು, ಅದರ ಸುತ್ತ ಒಂದು ಬಳಗ ನೆರೆಯುತ್ತಿತ್ತು. ಎರಡು ತಲೆಮಾರುಗಳಿಂದ ಹಾಡುತ್ತಿದ್ದ ಪ್ರಸಿದ್ಧ ಗಾಯಕಿಯೊಬ್ಬಳ ಅಭಿಮಾನಿಗಳ ಬಳಗ ಅದು. ಅವಳನ್ನು ಅವರು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಮೇಡಂ’ ಎಂದರೆ ಅವಳೊಬ್ಬಳೇ. ಅವಳು ಬಿಡಿಬಿಡಿಯಾಗಿ ಹೊರತಂದ ಹಾಡುಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂದು ತೀರ್ಮಾನಿಸುವುದೇ ಆ ದಿನದ ಕೆಲಸ. ತೀರ್ಮಾನವನ್ನು ಗೋಡೆಗೆ ತೂಗುಹಾಕಿದ ಕಪ್ಪು ಬಟ್ಟೆಯ ಮೇಲೆ ದರ್ಜಿಯ ಸೀಮೆಸುಣ್ಣದಿಂದ ಬರೆಯಲಾಗುತ್ತಿತ್ತು. ಯಾವ ಹಾಡಿಗೆ ಒಂದು ಕೈಯೂ ಏಳುವುದಿಲ್ಲವೋ ಅದನ್ನು ಬ್ರಷ್ಷಿನಿಂದ ಒರೆಸಿಬಿಡುತ್ತಿದ್ದರು. ಒರೆಸಿದ ಹಾಡು ಮತ್ತೆ ಆ ಬಟ್ಟೆಗೆ ಏರುವಂತಿರಲಿಲ್ಲ.

ಬಳಗಕ್ಕೆ ಎರಡು ಕಟ್ಟಳೆಗಳಿದ್ದವು. ಹಾಡು ನಡೆಯುವಾಗ ಬಾಯಿ ಬಿಟ್ಟವರಿಗೆ, ಹಾಡನ್ನು ನಡುವೆ ಕೆಡಿಸಿದವರಿಗೆ, ಆ ವರ್ಷ ಮತವಿಲ್ಲ ಎಂಬುದು ಮೊದಲನೆಯದು. ಎರಡನೆಯದು ಸತ್ತವರದು. ಸದಸ್ಯರೊಬ್ಬರು ತೀರಿಕೊಂಡರೂ ಅವರ ಮತ ತೀರುವುದಿಲ್ಲ. ಅವರಿಗೆ ಬೇಕಾದವರು ಯಾರಾದರೂ ಬಂದು, ತಮ್ಮ ಹಾಡಿಗೆ ಬಲಗೈ ಎತ್ತಿದಂತೆಯೇ ಸತ್ತವರ ಹಾಡಿಗೆ ಎಡಗೈ ಎತ್ತಬೇಕು. ಈ ಕಟ್ಟಳೆಯನ್ನು ಮಾಡಿದವರು ಅಂಗಡಿಯ ಒಡೆಯರಾದ ದರ್ಜಿ ಮಾಸ್ತರರೇ. ಅವರ ಅಣ್ಣ ‘ಜಿಗಿ ಜಿಗಿ ಜಿರಾಫೆ’ ಎಂಬ ಕುಣಿತದ ಹಾಡೊಂದಕ್ಕೆ ಪ್ರಾಣ ಬಿಡುತ್ತಿದ್ದ. ಅಣ್ಣ ಸತ್ತ ಮೇಲೆ ಪ್ರತಿವರ್ಷವೂ ಮಾಸ್ತರರು ಆ ಜಿರಾಫೆಗಾಗಿ ಗಂಭೀರವದನರಾಗಿ ಎಡಗೈ ಎತ್ತುತ್ತಿದ್ದರು. ನಗು ಬಂದವರು ಸೀರೆಯ ಸೆರಗನ್ನೋ ಕರವಸ್ತ್ರವನ್ನೋ ಬಾಯಿಗೆ ಒತ್ತಿಕೊಳ್ಳುತ್ತಿದ್ದರು.

ಆ ಭಾನುವಾರ ಮಾಳಿಗೆಯ ಮೆಟ್ಟಿಲೇರಿದ ಚಿಕ್ಕಕ್ಕನಿಗೆ ಇಂತಹದೇ ಕೆಲಸವಿತ್ತು. ಅದೇ ಬೀದಿಯ ತುದಿಯಲ್ಲಿ ಕನ್ನಡಕದ ಅಂಗಡಿ ನಡೆಸುತ್ತಿದ್ದ ಇಬ್ಬರು ಅಕ್ಕತಂಗಿಯರನ್ನು ಊರು ದೊಡ್ಡಕ್ಕ, ಚಿಕ್ಕಕ್ಕ ಎಂದೇ ಕರೆಯುತ್ತಿತ್ತು. ದೊಡ್ಡಕ್ಕ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಕೊನೆಯ ದಿನಗಳಲ್ಲಿ ಮಾತಾಡಲು ಉಸಿರು ಸಾಲದೆ ಇದ್ದರೂ ತಂಗಿಯ ಕೈಹಿಡಿದು ಒಂದು ಅಪ್ಪಣೆ ಕೊಟ್ಟಿದ್ದಳು: “ನನ್ನ ಹಾಡಿಗೆ ಎಡಗೈ ಎತ್ತು. ಅಳಿಸೋಕೆ ಬಿಡಬೇಡ. ವಿವರ ಕೊಡೋಕೂ ಹೋಗಬೇಡ.”

ದೊಡ್ಡಕ್ಕನ ಹಾಡು ‘ಇನ್ನೊಂದು ಮಾತು’. ಕಪ್ಪು ಬಟ್ಟೆಯ ಮೇಲ್ತುದಿಯಲ್ಲಿ, ಮೊದಲ ಸ್ಥಾನದಲ್ಲಿ, ಬಹುಕಾಲದಿಂದ ನೆಲೆಸಿದ್ದ ಹಾಡು ಅದೇ. ಮೇಡಂ ಅದನ್ನು ತೀರ ಎಳೆಯ ಪ್ರಾಯದಲ್ಲಿ ಹಾಡಿದ್ದಳು. ಅಂಗಡಿಗಳಲ್ಲಿ ಅದು ಎಂದೋ ಸಿಗದಂತಾಗಿತ್ತು. ಬಳಗದಲ್ಲಿದ್ದ ಪ್ರತಿಗಳೆಲ್ಲವೂ ದೊಡ್ಡಕ್ಕನ ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡವು. ಆ ಹಾಡಿನ ಹೆಗ್ಗಳಿಕೆಯೆಲ್ಲ ಅದರ ಮುಕ್ತಾಯದಲ್ಲಿತ್ತು. ಮನೆಬಿಟ್ಟು ಹೊರಟ ಹೆಣ್ಣೊಬ್ಬಳು ಹೊಸ್ತಿಲಲ್ಲಿ ನಿಂತು, ‘ಇನ್ನೊಂದು ಮಾತು ಹೇಳುವೆ, ಕೇಳು’ ಎನ್ನುತ್ತಾಳೆ. ಅಷ್ಟರಲ್ಲಿ ಟಕ್ ಎಂದೊಂದು ಸದ್ದು. ಅಲ್ಲಿಗೆ ಹಾಡು ಮುಗಿಯಿತು. ಆ ಮಾತೇನೆಂದು ಯಾರಿಗೂ ಎಂದೂ ತಿಳಿಯದು. ಆ ಟಕ್ ಬರುವಲ್ಲಿ ಬಳಗದವರೆಲ್ಲ ಒಟ್ಟಿಗೆ ಬೆರಳ ಗೆಣ್ಣಿನಿಂದ ಮೇಜನ್ನು ಕುಟ್ಟುವುದು ರೂಢಿಯಾಗಿಬಿಟ್ಟಿತ್ತು. ಬೀದಿಯಲ್ಲಿ ನಡೆದುಹೋಗುವವರಿಗೂ ಆ ಒಂದು ಪೆಟ್ಟು ಕೇಳಿಸುತ್ತಿತ್ತು.

ಚಿಕ್ಕಕ್ಕನಿಗೆ ಮಾತ್ರ ಆ ಹಾಡನ್ನು ಕಂಡರಾಗದು. ಅವಳ ಬಲಗೈ ಎಂದೂ ‘ನೀಲಿ ಛತ್ರಿ’ಯ ಪರ. ಅಕ್ಕತಂಗಿಯರು ಒಂದೇ ಮೇಜಿನ ಎರಡು ತುದಿಗಳಲ್ಲಿ ಕುಳಿತು ಒಬ್ಬರ ಹಾಡಿಗೆ ಒಬ್ಬರು ಮೂತಿ ತಿರುಗಿಸುತ್ತಿದ್ದುದು ಬಳಗಕ್ಕೆ ಪ್ರತಿವರ್ಷದ ಮನರಂಜನೆಯಾಗಿತ್ತು.

ಅಂದು ಅವಳು ಒಳಗೆ ಕಾಲಿಡುವಾಗಲೇ ಕೋಣೆಯಲ್ಲಿ ಗದ್ದಲ ಹತ್ತಿತ್ತು.

“ಬಂದ್ರು ನೋಡಿ. ಇವರನ್ನೇ ಕೇಳಿ,” ಎಂದ ಬಸ್ಸಿನ ಡ್ರೈವರ್, ಕುರ್ಚಿಯನ್ನು ಅವಳತ್ತ ತಳ್ಳುತ್ತ. “ಚಿಕ್ಕಕ್ಕ, ಆ ಮಾತು ಸಿಕ್ಕಿಬಿಟ್ಟಿದೆಯಂತೆ!”

“ಯಾವ ಮಾತು?”

ಉತ್ತರ ಕೊಟ್ಟವಳು ಮಾಸ್ತರರ ಸೊಸೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವಳು ಬಳಗಕ್ಕೆ ಸೇರಿದ್ದು ಮದುವೆಯಾದ ಮೇಲೆ. “ಅದೇ, ಇನ್ನೊಂದು ಮಾತು. ಮೇಡಂದು ಹಳೇ ಹಾಡೆಲ್ಲ ಕಂಪನಿಯವರೇ ಮತ್ತೆ ಬಿಟ್ಟಿದ್ದಾರೆ. ಮೊನ್ನೆ ಕೇಳಿದೆ. ಆ ಹಾಡು ಅಲ್ಲಿಗೆ ನಿಲ್ಲೋದೇ ಇಲ್ಲ ಚಿಕ್ಕಕ್ಕ. ಇನ್ನೊಂದು ಇಡೀ ಚರಣ ಇದೆ. ‘ತಪ್ಪು ನನ್ನದೇ, ಮರಳಿ ಬಂದೆ’ ಅಂತ ಹಾಡಿ ಒಳಗೆ ಹೋಗ್ತಾಳೆ.”

“ಒಳಗೆ ಹೋಗ್ತಾಳೆ!” ಎಂದು ಡ್ರೈವರ್ ತೊಡೆ ತಟ್ಟಿಕೊಂಡ. “ಇಷ್ಟು ವರ್ಷ ಹೊಸ್ತಿಲಲ್ಲಿ ನಿಂತವಳು, ಕಾಲು ನೋವು ಬಂತು ಅಂತ ಕಾಣುತ್ತೆ.”

ಯಾರೂ ನಗಲಿಲ್ಲ. ಎಲ್ಲರಿಗಿಂತ ಹೆಚ್ಚು ಕೆಂಪಾಗಿದ್ದುದು ಹಲ್ಲಿನ ವೈದ್ಯರ ಮುಖ. ಆ ಟಕ್ಕಿನ ಬಗ್ಗೆ ಅಧಿಕಾರವಾಣಿಯಿಂದ ಮಾತಾಡುವ ಹಕ್ಕು ಬಳಗದಲ್ಲಿ ಅವರಿಗಿತ್ತು. ವಾದ್ಯಗಾರನು ಡ್ರಮ್ಮಿನ ಅಂಚಿಗೆ ಕೋಲಿನಿಂದ ಕೊಟ್ಟ ಒಂಟಿ ಪೆಟ್ಟು ಅದೆಂದೂ, ಹೇಳದೆ ಉಳಿದ ಮಾತಿನ ಸ್ಥಾನದಲ್ಲಿ ಅದನ್ನು ಪ್ರತಿಷ್ಠಾಪಿಸಿದ್ದು ಮೇಡಂ ಪ್ರತಿಭೆಯ ಶಿಖರವೆಂದೂ ಅವರು ರೋಗಿಗಳ ಬಾಯಿಯಲ್ಲಿ ಕನ್ನಡಿಯಿಟ್ಟುಕೊಂಡೇ ವ್ಯಾಖ್ಯಾನಿಸುತ್ತಿದ್ದರು. ಬಾಯಿ ತೆರೆದಿದ್ದವರು ಎದುರಾಡುವ ಸ್ಥಿತಿಯಲ್ಲಿರುತ್ತಿರಲಿಲ್ಲ.

“ಅದು ನಕಲಿ,” ಎಂದರು ವೈದ್ಯರು. “ಯಾವಳೋ ಹುಡುಗಿ ಹತ್ತಿರ ಈಗ ಹಾಡಿಸಿ ಅಂಟಿಸಿದ್ದಾರೆ. ಟಕ್ ಇದೆಯಾ ಅದರಲ್ಲಿ?”

“ಇಲ್ಲ ಡಾಕ್ಟ್ರೇ. ಅಂಥ ಸದ್ದೇ ಇಲ್ಲ.”

“ನೋಡಿದ್ರಾ! ತೆಗೆದುಹಾಕಿದ್ದಾರೆ! ಇಡೀ ಹಾಡಿನ ಪ್ರಾಣವನ್ನೇ ಕಿತ್ತುಹಾಕಿದ್ದಾರೆ. ನಾನು ಕಂಪನಿಗೆ ಬರೆದು ಛೀಮಾರಿ ಹಾಕ್ತೀನಿ. ಆ ಪೆಟ್ಟಿನ ಹಿಂದೆ ಎಷ್ಟು ಸಾಧನೆ ಇದೆ ಗೊತ್ತಾ ಇವರಿಗೆ? ಒಬ್ಬ ಮಹಾಕಲಾವಿದನ ಕೈ ಅದು, ಅಂಥ ಕೈ—”

“ಅದು ನಮ್ಮಪ್ಪನ ಕೈ!”

ಚಿಕ್ಕಕ್ಕ ಎದ್ದು ನಿಂತಿದ್ದಳು. ವಿವರ ಕೊಡಬಾರದೆಂಬ ಅಪ್ಪಣೆ ಅವಳಿಗೆ ನೆನಪಿತ್ತು. ಆದರೆ ಮಹಾಕಲಾವಿದನೆಂಬ ಪದವಿಯನ್ನು ಆ ಕೈಗೆ ಕಟ್ಟುವುದನ್ನು ಕೇಳುತ್ತ ಕೇಳುತ್ತ ಎಷ್ಟೋ ಕಾಲದಿಂದ ನುಂಗಿದ್ದುದು ಒಮ್ಮೆಗೇ ಗಂಟಲಿಗೆ ಬಂದಿತ್ತು.

“ರೇಡಿಯೋದ ಗುಂಡಿ ತಿರುಗಿಸಿದ ಸದ್ದು ರೀ ಅದು. ಅಕ್ಕ ಯಾರದೋ ರೆಕಾರ್ಡರ್ ಕೇಳಿ ತಂದು, ಅಡುಗೆಮನೇಲಿ ರೇಡಿಯೋ ಮುಂದೆ ಇಟ್ಕೊಂಡು ಕೂತಿದ್ದಳು. ನಾನು ಪಕ್ಕದಲ್ಲೇ ಇದ್ದೆ. ಅಪ್ಪ ಕೆಲಸದಿಂದ ಬಂದರು, ಚಪ್ಪಲಿ ಕೂಡ ಬಿಚ್ಚಲಿಲ್ಲ, ಟಕ್ ಅಂತ ಆರಿಸಿದರು. ಅಕ್ಕನಿಗೆ ಆಗ ವಾದ್ಯದವರ ತಂಡದಲ್ಲಿ ಹಾಡೋಕೆ ಕರೆ ಬಂದಿತ್ತು. ಆವತ್ತೇ ಅದೂ ಮುಗೀತು. ಆಮೇಲೆ ಅವಳು ಆ ಮನೇಲಿ ಬಾಯಿಬಿಟ್ಟು ಒಂದು ಸಾಲು ಹಾಡಲಿಲ್ಲ. ಮಹಾಕಲಾವಿದನಂತೆ! ನಿಮ್ಮ ಕನ್ನಡಕ ಸರಿಮಾಡಿಕೊಟ್ಟಿದ್ದೀನಿ ಡಾಕ್ಟ್ರೇ, ನಿಮ್ಮ ಕಿವಿ ಸರಿಮಾಡೋಕೆ ನನ್ನ ಕೈಲಿ ಆಗಲ್ಲ.”

ವೈದ್ಯರು ಕನ್ನಡಕ ತೆಗೆದು, ಅದರಲ್ಲೇನೋ ದೋಷವಿರುವಂತೆ ಬೆಳಕಿಗೆ ಹಿಡಿದು ನೋಡಿ, ಮತ್ತೆ ಹಾಕಿಕೊಂಡರು.

ಬಳಿಕ ಕೋಪವು ಮೇಜಿನ ಸುತ್ತ ಒಬ್ಬರಿಂದ ಒಬ್ಬರಿಗೆ ಹಬ್ಬಿತು. ದೊಡ್ಡಕ್ಕ ತಮಗೆ ಮೋಸ ಮಾಡಿದಳೆಂದು ಒಬ್ಬರೆಂದರು. ಹೊರಟ ಹೆಣ್ಣನ್ನು ಮತ್ತೆ ಒಳಗೆ ಕಳಿಸಿದ ಮೇಡಂದೇ ಮೊದಲ ತಪ್ಪೆಂದು ಇನ್ನೊಬ್ಬರೆಂದರು. “ಬಸ್ಸು ನಿಲ್ಲಿಸಿದಾಗಲೆಲ್ಲ ಸ್ಟೀರಿಂಗ್ ಮೇಲೆ ಟಕ್ ಅಂತ ಕುಟ್ಟಿದ್ದೀನಿ ನಾನು,” ಎಂದ ಡ್ರೈವರ್, ಈ ಸಲ ತಮಾಷೆಯಿಲ್ಲದೆ. “ಯಾರದೋ ಮನೇ ಜಗಳಕ್ಕೆ ತಾಳ ಹಾಕಿದ ಹಾಗಾಯ್ತಲ್ಲ. ದೊಡ್ಡಕ್ಕ ನಮ್ಮ ಜೊತೆ ಕೂತು ತಾನೂ ಕುಟ್ತಿದ್ದಳು. ಒಂದು ಸಲ ಹೇಳಬಾರದಿತ್ತಾ?”

ಮಾಸ್ತರರು ಅಷ್ಟು ಹೊತ್ತೂ ಕೊರಳಲ್ಲಿದ್ದ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದರು. ಈಗ ಬ್ರಷ್ಷನ್ನು ಕೈಗೆತ್ತಿಕೊಂಡರು.

“ಸರಿ. ಆ ಹಾಡಿಗೆ ಇನ್ನು ಕೈ ಎತ್ತೋರು ಯಾರಾದರೂ ಇದ್ದೀರಾ?”

ಒಂದು ಕೈಯೂ ಏಳಲಿಲ್ಲ. ಹಿಂದಿನ ವರ್ಷ ಕೋಣೆಯ ಅರ್ಧ ಜನ ಎತ್ತಿದ್ದ ಕೈಗಳು ಈಗ ಮಡಿಲಲ್ಲಿ, ಜೇಬಿನಲ್ಲಿ, ಕಂಕುಳಲ್ಲಿ ಅಡಗಿದ್ದವು.

ಚಿಕ್ಕಕ್ಕ ಎಡಗೈ ಎತ್ತಿದಳು.

“ಇಳಿಸಮ್ಮ,” ಎಂದರು ಮಾಸ್ತರರು.

“ಯಾಕೆ ಇಳಿಸಬೇಕು?”

“ಅದು ಹಾಡಲ್ಲ, ತುಂಡು ಬಟ್ಟೆ. ಅಂಗಿಯ ಒಂದು ತೋಳು ತಂದು ಅಂಗಿ ಅಂದರೆ ನಾನು ಒಪ್ಪಲ್ಲ. ನಾವು ಇಲ್ಲಿ ಮೇಡಂ ಹಾಡು ನೋಡ್ತೀವಿ, ನಿಮ್ಮಪ್ಪನ ಹಾಡಲ್ಲ.”

“ಅಕ್ಕ ಕೇಳಿದ್ದು ಅಷ್ಟೇ, ಮೆಚ್ಚಿದ್ದೂ ಅಷ್ಟೇ. ನೀವೆಲ್ಲ ಮೆಚ್ಚಿದ್ದೂ ಅದನ್ನೇ. ಮೊದಲನೇ ಸ್ಥಾನದಲ್ಲಿ ಕೂರಿಸಿದ್ದು ನೀವೇ ತಾನೇ? ಆಗ ತೋಳು ಅಂತ ಗೊತ್ತಾಗಲಿಲ್ವಾ, ಮಾಸ್ತರೇ? ಹೊಲಿಯೋರು ನೀವು!”

“ನಾಲಗೆ ಬಿಗಿಹಿಡಿ ಚಿಕ್ಕಕ್ಕ. ನನ್ನ ಅಂಗಡಿ ಇದು.”

“ಅಂಗಡಿ ನಿಮ್ಮದು. ಅಕ್ಕನ ಕೈ ನಿಮ್ಮದಲ್ಲ.”

ಸೊಸೆ ಇಬ್ಬರ ನಡುವೆ ಮಾತು ತೂರಿಸಿದಳು. “ಮಾವ, ಜಗಳ ಯಾಕೆ? ಪೂರ್ತಿ ಹಾಡು ನನ್ನ ಫೋನಲ್ಲಿದೆ. ಹಾಕ್ತೀನಿ. ಎಲ್ಲರೂ ಕೇಳಲಿ. ಕೇಳಿದ ಮೇಲೆ ಚಿಕ್ಕಕ್ಕ ಅದಕ್ಕೇ ಎಡಗೈ ಎತ್ತಲಿ. ಮೇಡಂ ಹಾಡಿಗೇ ಎತ್ತಿದ ಹಾಗಾಗುತ್ತೆ. ಹೆಸರೂ ಉಳಿಯುತ್ತೆ.”

ಮಾಸ್ತರರು ತಲೆದೂಗಿದರು. ಎಲ್ಲರಿಗೂ ಅದು ನ್ಯಾಯವಾಗಿ ಕಂಡಿತು. ಚಿಕ್ಕಕ್ಕನಿಗೆ ಒಪ್ಪದೆ ಬೇರೆ ದಾರಿ ತೋಚಲಿಲ್ಲ. ಹೆಸರು ಉಳಿದರೆ ಅಕ್ಕನ ಅಪ್ಪಣೆಯ ಅರ್ಧವಾದರೂ ಉಳಿದಂತೆ ಎಂದು ತನಗೆ ತಾನೇ ಹೇಳಿಕೊಂಡು ಕುಳಿತಳು. ಆದರೂ ಒಳಗೊಳಗೆ ಕುದಿಯುತ್ತಿತ್ತು. ಅಪ್ಪನ ಮೇಲಿನ ಸಿಟ್ಟು ಹಳೆಯದು, ಅದಕ್ಕೆ ಅವಳು ಒಗ್ಗಿಹೋಗಿದ್ದಳು. ಒಗ್ಗದೆ ಉಳಿದುದು ಅಕ್ಕನ ಮೇಲಿನ ಸಿಟ್ಟು. ತನ್ನ ಬಾಯಿ ಕಟ್ಟಿದ ಕೈಯ ಸದ್ದನ್ನು ಒರೆಸಿಹಾಕುವ ಬದಲು ಪ್ರತಿ ತೆಗೆದು ತೆಗೆದು ಊರಿಗೆಲ್ಲ ಹಂಚಿದಳಲ್ಲ. ಅದಕ್ಕೆ ಎಲ್ಲರೂ ಮೇಜು ಕುಟ್ಟುವಾಗ ನಗುತ್ತ ತಾನೂ ಕುಟ್ಟಿದಳಲ್ಲ! ಆ ನಗುವನ್ನು ಚಿಕ್ಕಕ್ಕ ಎಂದೂ ಕ್ಷಮಿಸಿರಲಿಲ್ಲ.

ಸೊಸೆ ಫೋನನ್ನು ಮೇಜಿನ ನಡುವಿನ ಸ್ಪೀಕರಿಗೆ ಜೋಡಿಸಿದಳು. ಹಾಡು ಆರಂಭವಾಯಿತು, ಕೋಣೆ ಕಟ್ಟಳೆಯಂತೆ ಮೌನವಾಯಿತು.

ಹಳೆಯ ಕ್ಯಾಸೆಟ್ಟಿನ ಸರಸರ ಸದ್ದಿಲ್ಲದ ಆ ಧ್ವನಿ, ತೊಳೆದ ಗಾಜಿನಂತೆ, ಬೆರಗಾಗುವಷ್ಟು ನಿಚ್ಚಳವಾಗಿತ್ತು. ಮೇಡಂ ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಮೊದಲ ಚರಣ ಸಾಗಿತು, ಎರಡನೆಯದು ಸಾಗಿತು. ವೈದ್ಯರು ಕಣ್ಣುಮುಚ್ಚಿದ್ದರು. ಡ್ರೈವರ್ ಕಿಟಕಿಯ ಆಚೆ ನೋಡುತ್ತಿದ್ದ. ಹೆಣ್ಣು ಹೊಸ್ತಿಲಿಗೆ ಬಂದಳು. ‘ಇನ್ನೊಂದು ಮಾತು ಹೇಳುವೆ, ಕೇಳು—’

ಟಕ್.

ಹಾಡಿನಲ್ಲಿ ಆ ಸದ್ದಿರಲಿಲ್ಲ. ಸದ್ದು ಮಾಡಿದ್ದು ಮೇಜು. ಸುತ್ತ ಕುಳಿತವರ ಬೆರಳ ಗೆಣ್ಣುಗಳೆಲ್ಲ, ಯಾರ ಅಪ್ಪಣೆಗೂ ಕಾಯದೆ, ಒಟ್ಟಿಗೆ ಮೇಜಿನ ಮೇಲೆ ಬಿದ್ದಿದ್ದವು. ವೈದ್ಯರದು, ಡ್ರೈವರನದು, ಬ್ರಷ್ಷು ಹಿಡಿದಿದ್ದ ಮಾಸ್ತರರದು, ಹೊಸಬಳಾದ ಸೊಸೆಯದು ಕೂಡ. ಹಾಡು ಅದನ್ನು ಲೆಕ್ಕಿಸದೆ ಮುಂದೆ ಹರಿಯಿತು. ‘ತಪ್ಪು ನನ್ನದೇ’ ಎಂದು ಮೇಡಂ ಇಂಪಾಗಿ, ತಗ್ಗಿದ ಸ್ವರದಲ್ಲಿ ಹೇಳತೊಡಗಿದಳು.

ಚಿಕ್ಕಕ್ಕನ ಕೈ ಸ್ಪೀಕರಿನತ್ತ ಹೋದುದು ಅವಳಿಗೇ ಅರಿವಾಗಲಿಲ್ಲ. ಹೆಬ್ಬೆರಳು ಗುಂಡಿಯನ್ನು ಒತ್ತಿತು. ಹಾಡು ನಿಂತಿತು.

“ಸಾಕು!” ಎಂದಳು.

ಆ ಮಾತು ತನ್ನ ಬಾಯಿಂದ ಹೊರಬಿದ್ದೊಡನೆ ಅವಳು ಬೆಚ್ಚಿದಳು. ಅಂದು ಅಡುಗೆಮನೆಯಲ್ಲಿ ರೇಡಿಯೋ ಆರಿಸಿ ಅಪ್ಪ ಆಡಿದ ಮಾತೂ ಅದೇ, ದನಿಯೂ ಅದೇ. ಒಂದೇ ಶಬ್ದ, ಅದರಿಂದಲೇ ಅಕ್ಕನ ಹಾಡು ಕೊನೆಗೊಂಡಿತ್ತು. ಮರುಕ್ಷಣವೇ ಅವಳಿಗೆ ಇನ್ನೊಂದು ಹೊಳೆಯಿತು. ಆ ಮಾತು ಕ್ಯಾಸೆಟ್ಟಿನಲ್ಲಿ ಇಲ್ಲ. ಗುಂಡಿಯ ಟಕ್ ಇದೆ, ಅದಾದ ಮೇಲೆ ಏನೂ ಇಲ್ಲ. ಅಪ್ಪನ ನಾಲಗೆ ಏಳುವ ಮೊದಲೇ ಅಕ್ಕನ ಬೆರಳು ರೆಕಾರ್ಡರನ್ನು ನಿಲ್ಲಿಸಿತ್ತು. ಅವಳು ಊರಿಗೆ ಹಂಚಿದ ಪ್ರತಿಗಳಲ್ಲಿ ಒಂದರಲ್ಲೂ ಅಪ್ಪನ ‘ಸಾಕು’ ಇರಲಿಲ್ಲ. ಹೊಸ್ತಿಲಲ್ಲಿ ನಿಂತ ಹೆಣ್ಣನ್ನು ಅಕ್ಕ ಹೊಸ್ತಿಲಲ್ಲೇ, ತಲೆತಗ್ಗಿಸದೆ, ಹಾಗೇ ಕಾಪಾಡಿಕೊಂಡು ಬಂದಿದ್ದಳು. ಪಕ್ಕದಲ್ಲೇ ಕುಳಿತಿದ್ದೂ ತಂಗಿಗೆ ಇದು ಕಂಡಿರಲಿಲ್ಲ. ಊರಿನವರ ದೃಷ್ಟಿಗೆಲ್ಲ ಗಾಜು ಹೊಂದಿಸುತ್ತಿದ್ದವಳು, ಇಷ್ಟು ಕಾಲ ತಪ್ಪು ವ್ಯಕ್ತಿಯ ಮೇಲೆ ಹಲ್ಲು ಕಡಿದಿದ್ದಳು.

“ಹಾಡು ಕೆಡಿಸಿದೆ,” ಎಂದರು ಮಾಸ್ತರರು. ಅವರ ದನಿಯಲ್ಲಿ ಗೆಲುವಿತ್ತು. “ನಡುವೆ ನಿಲ್ಲಿಸಿದೆ, ಬಾಯಿಯನ್ನೂ ಬಿಟ್ಟೆ. ಈ ವರ್ಷ ನಿನಗೆ ಮತ ಇಲ್ಲ. ಮುಗೀತು.” ಬ್ರಷ್ಷಿನೊಂದಿಗೆ ಕಪ್ಪು ಬಟ್ಟೆಯತ್ತ ತಿರುಗಿದರು.

“ನನಗೆ ಇಲ್ಲ, ಒಪ್ಪಿದೆ,” ಎಂದಳು ಚಿಕ್ಕಕ್ಕ. “ನನ್ನ ನೀಲಿ ಛತ್ರಿಗೆ ಒಂದು ಕೈ ಕಮ್ಮಿ ಮಾಡ್ಕೊಳ್ಳಿ.” ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಎಡಗೈಯನ್ನು ಮೇಲೆತ್ತಿದಳು. “ಇದು ಅಕ್ಕನದು.”

“ಮತ ಇಲ್ಲ ಅಂದ್ನಲ್ಲ!”

“ಮಾಸ್ತರೇ,” ಎಂದ ಡ್ರೈವರ್, “ಬಾಯಿ ಬಿಟ್ಟಿದ್ದು ಚಿಕ್ಕಕ್ಕ. ದೊಡ್ಡಕ್ಕ ತುಟಿ ಎರಡು ಮಾಡಿಲ್ವಲ್ಲ. ಅವಳಷ್ಟು ಸುಮ್ಮನೆ ಕೂತೋರು ಇವತ್ತು ಇಲ್ಲಿ ಯಾರೂ ಇಲ್ಲ.”

“ನೀನು ಆ ಹಾಡಿಗೆ ಕೈ ಎತ್ತುತ್ತೀಯಾ?”

“ಇಲ್ಲ. ನನಗೆ ಇನ್ನೂ ಕೋಪ ಇದೆ. ನಾನು ಎತ್ತಲ್ಲ. ಆದರೆ ಅವಳ ಕೈ ಇಳಿಸೋ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ.”

ಮಾಸ್ತರರು ಬ್ರಷ್ಷನ್ನು ಬಟ್ಟೆಗೆ ತಾಗಿಸಿದರು. ಹಾಡಿನ ಮೊದಲ ಅಕ್ಷರದ ತುದಿ ಮಸುಕಾಯಿತು. ಆಗ ಚಿಕ್ಕಕ್ಕ, ಕೈ ಇಳಿಸದೆ, ಮೇಜನ್ನು ಬಳಸಿ ಅವರ ಪಕ್ಕಕ್ಕೇ ಬಂದು ನಿಂತಳು.

“ಒರೆಸಿ. ಆದರೆ ಕೆಳಗಿಂದ ಶುರುಮಾಡಿ. ಆ ಜಿರಾಫೆಯನ್ನ ಮೊದಲು ಒರೆಸಿ. ನಿಮ್ಮಣ್ಣ ಒಬ್ಬರನ್ನ ಬಿಟ್ಟು ಈ ಲೋಕದಲ್ಲಿ ಅದನ್ನ ಇಷ್ಟಪಟ್ಟೋರು ಯಾರೂ ಇಲ್ಲ. ನಿಮಗೂ ಅದು ಬೇಡ. ಹೌದೋ ಅಲ್ವೋ? ನೀವು ಪ್ರತಿವರ್ಷ ಕೈ ಎತ್ತುವಾಗ ನಾವು ಎದ್ದು ಕೇಳಿದ್ವಾ, ಇದೂ ಒಂದು ಹಾಡೇ ಅಂತ? ನಿಮ್ಮಣ್ಣನ ಕೈ ಇಳಿಸಿ ಮಾಸ್ತರೇ. ಆಮೇಲೆ ನಮ್ಮಕ್ಕನದು.”

ಮಾಸ್ತರರ ಮುಖ ಕಪ್ಪಿಟ್ಟಿತು. “ಸತ್ತವರನ್ನ ಎಳೀಬೇಡ!” ಎಂದು ಗದರಿದರು.

“ಎಳೀತಿರೋದು ನಾನಾ?”

ಸೊಸೆ ಮಾವನ ಮುಖವನ್ನೊಮ್ಮೆ ನೋಡಿ, ಸ್ಪೀಕರಿನಿಂದ ಫೋನನ್ನು ಬಿಡಿಸಿ ಚೀಲದೊಳಗೆ ಇಟ್ಟುಕೊಂಡಳು. ಮಾಸ್ತರರು ಬಹಳ ಹೊತ್ತು ಕಪ್ಪು ಬಟ್ಟೆಯ ಕೊನೆಯ ಸಾಲನ್ನೇ ದಿಟ್ಟಿಸುತ್ತಿದ್ದರು. ಅಲ್ಲಿ ಜಿರಾಫೆಯ ಹೆಸರು, ವರ್ಷ ವರ್ಷವೂ ಅವರ ಕೈಯಿಂದಲೇ ಬರೆಯಿಸಿಕೊಂಡು, ಒಂಟಿಯಾಗಿ ನಿಂತಿತ್ತು. ಕೊನೆಗೆ ಅವರು ತುತ್ತತುದಿಯಲ್ಲಿದ್ದ ‘ಇನ್ನೊಂದು ಮಾತು’ ಎಂಬುದನ್ನು ಪೂರ್ತಿ ಒರೆಸಿದರು. ಆದರೆ ಅವರು ಬ್ರಷ್ಷನ್ನು ಮೇಜಿಗೆ ಎಸೆದು, ಸೀಮೆಸುಣ್ಣ ಹಿಡಿದು, ಕಾಲು ಮಡಿಸಿ ನೆಲಕ್ಕೆ ಕುಳಿತರು.

“ಯಾವುದನ್ನ ಬರೀಲಿ? ಪೂರ್ತಿಯದನ್ನೋ, ತುಂಡನ್ನೋ?” ಎಂದು ಹಿಂತಿರುಗದೆ ಕೇಳಿದರು. ಸಿಟ್ಟು ಇಳಿದಿರಲಿಲ್ಲ.

“ಟಕ್ ವರೆಗೆ ಬರೀರಿ.”

ಜಿರಾಫೆಯ ಕೆಳಗೆ, ಬಟ್ಟೆಯ ಮಡಿಕೆ ಹೊಲಿದ ಅಂಚಿನಲ್ಲಿ, ಅವರು ಹೆಸರನ್ನು ಬರೆದರು. ತುದಿಯಲ್ಲಿದ್ದ ಹಾಡು ಬುಡಕ್ಕೆ ಬಂದಿತು. ಒಂದೇ ಒಂದು ಕೈ ಅದನ್ನು ಬಟ್ಟೆಯ ಮೇಲೆ ಉಳಿಸಿತ್ತು. ಮಾಸ್ತರರು ಮೊಣಕಾಲು ಹಿಡಿದು ಎದ್ದರು, ಚಿಕ್ಕಕ್ಕನತ್ತ ನೋಡಲಿಲ್ಲ. “ಮುಂದಿನದು,” ಎಂದರು ಒರಟಾಗಿ. ನೀಲಿ ಛತ್ರಿಯ ಸರದಿ ಬಂದಿತ್ತು. ವೈದ್ಯರು ಆಗಲೇ ಅದರ ಕೊಳಲಿನ ಬಗ್ಗೆ ಹೊಸದೊಂದು ವ್ಯಾಖ್ಯಾನವನ್ನು ಆರಂಭಿಸಿದ್ದರು.

ಮತವಿಲ್ಲದ ಚಿಕ್ಕಕ್ಕ ಕುಳಿತುಕೊಳ್ಳಲಿಲ್ಲ. ಮೆಟ್ಟಿಲಿಳಿಯುವಾಗ ಬೆನ್ನ ಹಿಂದೆ ಅವಳಿಗೆ ಪ್ರಿಯವಾದ ಹಾಡು ಹೊಮ್ಮಿತು. ಅವಳು ನಿಂತು ಕೇಳಲೂ ಇಲ್ಲ. ಅಪ್ಪನ ಮೇಲಿನ ಕೋಪ ಅಳಿದಿರಲಿಲ್ಲ, ಅಳಿಸುವ ಮನಸ್ಸೂ ಅವಳಿಗಿರಲಿಲ್ಲ. ಮಾಳಿಗೆಯ ಬಳಗದ ಮೇಲೆ ಇನ್ನೂ ಒಂದಿಷ್ಟು ವಾರ ಕುದಿಯುವುದು ಖಚಿತವಾಗಿತ್ತು. ಅಕ್ಕನ ಮೇಲಿನದನ್ನು ಮಾತ್ರ ಒಳಗೆಲ್ಲ ಹುಡುಕಿದಳು, ಸಿಗಲಿಲ್ಲ. ಅಂಗಡಿಗೆ ಬಂದು, ಬಾಗಿಲು ತೆರೆದು, ಅಕ್ಕ ಕುಳಿತುಕೊಳ್ಳುತ್ತಿದ್ದ ಗಲ್ಲಾಪೆಟ್ಟಿಗೆಯ ಬಳಿ ನಿಂತಳು. ಎತ್ತಿ ಹಿಡಿದು ನೋಯುತ್ತಿದ್ದ ಎಡಗೈಯಿಂದ, ಗಾಜಿನ ಮೇಜನ್ನು ಒಮ್ಮೆ ಕುಟ್ಟಿದಳು.

ಈ ಕಥೆಯನ್ನು ಕೇಳಿದವರೆಲ್ಲರಿಗೂ ಮಂಗಳವಾಗಲಿ. ಅವರ ಮನೆಗಳಲ್ಲಿ ಹಾಡುವ ಕೊರಳನ್ನು ಯಾರೂ ತಡೆಯದಿರಲಿ; ತಡೆದ ಹಾಡಿಗೆ ಕೈಯೆತ್ತುವ ಒಬ್ಬರಾದರೂ ಉಳಿದಿರಲಿ. ಅವರ ಕೋಪ ತನಗೆ ತಕ್ಕವರನ್ನು ಮಾತ್ರ ಮುಟ್ಟಲಿ, ಮುಟ್ಟಿದ ಮೇಲೆ ತಣಿಯಲಿ. ಆಲಿಸುವ ಪರಮಾತ್ಮನು ಎಲ್ಲರ ಅರ್ಧಕ್ಕೆ ನಿಂತ ಮಾತನ್ನೂ ಪೂರ್ತಿಯಾಗಿ ಕೇಳಿಸಿಕೊಳ್ಳಲಿ.